ಲೆಕ್ಕ ನಮ್ಮದು, ಬೀಗ ಯಾರದು?

ನಮ್ಮ ಕಡೆಯ ದನದ ಸಂತೆಗಳಲ್ಲಿ ಹಳೆಯದೊಂದು ಪದ್ಧತಿ ಇತ್ತು. ಮಾರುವವನು, ಕೊಳ್ಳುವವನು ಕೈಗೆ ಕೈ ಕೊಟ್ಟು ಮೇಲೆ ವಲ್ಲಿ ಹೊದಿಸುತ್ತಿದ್ದರು. ವಲ್ಲಿಯ ಕೆಳಗೆ ಬೆರಳು ಹಿಡಿದು ದರ ಹೇಳುವುದು, ಬೆರಳು ಮಡಚಿ ದರ ಇಳಿಸುವುದು. ಸುತ್ತ ನಿಂತವರಿಗೆ ಎತ್ತು ಕಾಣುತ್ತಿತ್ತು, ಅದರ ಬೆಲೆ ಕಾಣುತ್ತಿರಲಿಲ್ಲ. ಎರಡೂ ಕಡೆಯ ಗುಟ್ಟು ಬಲ್ಲವನು ದಲ್ಲಾಳಿ ಒಬ್ಬನೇ. ಅವನ ಹೊಟ್ಟೆ ತುಂಬುತ್ತಿದ್ದುದೂ ಆ ಗುಟ್ಟಿನಿಂದಲೇ. ನಾವು ಮುಂಬಯಿ ಪ್ರಾಂತದಲ್ಲಿದ್ದಾಗ ಬಂದ 1939ರ ಮಾರುಕಟ್ಟೆ ಕಾಯ್ದೆ, ಆಮೇಲೆ ಕರ್ನಾಟಕ ಮಾಡಿಕೊಂಡ 1966ರ ಎಪಿಎಂಸಿ ಕಾಯ್ದೆ, ಎರಡೂ ಆ ವಲ್ಲಿಯನ್ನು ಎಳೆದು ಹಾಕಲೆಂದೇ ಹುಟ್ಟಿದವು. ಬೆಳೆದವನ ಮಾಲಿಗೆ ದರ ಹತ್ತು ಮಂದಿಯ ಎದುರು ಆಗಬೇಕು ಎಂಬುದು ಅವುಗಳ ಹಿಂದಿದ್ದ ಮಾತು.

ಆ ವಲ್ಲಿ ಈಗ ತಿರುಗಿ ಬಂದಿದೆ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಯಾವ ಕಚೇರಿಗೆ ಹೋಗಿ ಲೆಕ್ಕ ಕೇಳಿದರೂ ಬರುವ ಉತ್ತರ ಒಂದೇ: ‘ಎಲ್ಲಾ ಆನ್‌ಲೈನ್ ಆಗೇತ್ರೀ, ಇನ್ನೇನ್ ಬೇಕು?’ ಓದಿದವರ ಬಾಯಲ್ಲಿ ಇದಕ್ಕೆ ಇನ್ನೊಂದು ಸಾಲು ಸೇರಿಕೊಳ್ಳುತ್ತದೆ: ‘ರೈತರಿಗೆ ಸೇವೆ ಸಿಕ್ಕರೆ ಸಾಕು, ಡೇಟಾ ತಗೊಂಡು ಅವರೇನು ಮಾಡ್ತಾರೆ?’ ಅಧಿಕಾರಿಗಳು ಒಪ್ಪಿದ್ದಾರೆ, ಜನಪ್ರತಿನಿಧಿಗಳು ಒಪ್ಪಿದ್ದಾರೆ, ಪತ್ರಿಕೆಗಳೂ ಒಪ್ಪಿ ಸುಮ್ಮನಾಗಿವೆ. ಕಂಪ್ಯೂಟರಿಗೆ ಏರಿದ್ದೆಲ್ಲ ಬಯಲಿಗೆ ಬಂದಂತೆ ಎಂಬ ಈ ನಂಬಿಕೆ ಸುಳ್ಳು. ನಮ್ಮ ಜಿಲ್ಲೆಯ ರೈತನ ಜೇಬಿಗೆ ತೂತು ಬಿದ್ದಿರುವುದು ಈ ಸುಳ್ಳಿನಿಂದ.

ಬ್ಯಾಡಗಿಯಿಂದ ಶುರು ಮಾಡುತ್ತೇನೆ. 2024ರ ಮಾರ್ಚ್ 11, ಸೋಮವಾರ. ಮೆಣಸಿನಕಾಯಿ ಮಾರುಕಟ್ಟೆಯ ದಿನ. ಬಳ್ಳಾರಿ ಕಡೆಯಿಂದ, ಆಂಧ್ರದಿಂದ ರಾತ್ರಿಯಿಡೀ ಲಾರಿಯಲ್ಲಿ ಚೀಲದ ಮೇಲೆ ಕೂತು ಬಂದ ರೈತರು ಟೆಂಡರ್ ದರ ನೋಡಿ ದಂಗಾದರು. ಹಿಂದಿನ ವಾರದ ದರಕ್ಕೂ ಅವತ್ತಿನ ದರಕ್ಕೂ ಕ್ವಿಂಟಲಿಗೆ ಸಾವಿರಾರು ರೂಪಾಯಿ ಅಂತರ. ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು, ಬೆಂಕಿ ಆರಿಸಲು ಬಂದ ವಾಹನವೂ ಸುಟ್ಟುಹೋಯಿತು. ಬೆಂಕಿ ಹಚ್ಚಿದ್ದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಅವತ್ತು ಅಲ್ಲಿ ನಿಂತ ರೈತನ ಕೈಯಲ್ಲಿ ಇದ್ದದ್ದಾದರೂ ಏನು? ತನ್ನ ಲಾಟಿಗೆ ಬಿದ್ದ ಒಂದು ದರ, ಅಷ್ಟೇ. ಅದಕ್ಕೆ ಎಷ್ಟು ಮಂದಿ ಟೆಂಡರ್ ಹಾಕಿದ್ದರು? ಎರಡನೆಯ ದರ ಎಷ್ಟಿತ್ತು? ಅದೇ ಬಣ್ಣದ, ಅದೇ ಒಣಗಿನ ಡಬ್ಬಿ ಮೆಣಸಿನಕಾಯಿ ಪಕ್ಕದ ದಲಾಲಿ ಅಂಗಡಿಯಲ್ಲಿ ಎಷ್ಟಕ್ಕೆ ಹೋಯಿತು? ಊರ ಸುತ್ತಲಿನ ಕೋಲ್ಡ್ ಸ್ಟೋರೇಜುಗಳಲ್ಲಿ ಹಿಂದಿನ ವರ್ಷದ ಎಷ್ಟು ಚೀಲ ಕೂತಿವೆ? ಈ ನಾಲ್ಕು ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ, ದರ ನಿಜವಾಗಿ ಕುಸಿದಿದೆಯೋ ಯಾರಾದರೂ ಕೆಡವಿದ್ದಾರೋ ಎಂದು ತಿಳಿಯುವುದು ಹೇಗೆ?

ಇದು ಕೈಬರಹದ ಚೀಟಿಯ ಕಾಲವಲ್ಲ. ಬ್ಯಾಡಗಿಯಲ್ಲಿ ಇ-ಟೆಂಡರ್ ಬಂದು ಎಷ್ಟೋ ವರ್ಷವಾಗಿದೆ. ಪ್ರತಿ ಲಾಟಿಗೂ ಸಂಖ್ಯೆ ಇದೆ, ಪ್ರತಿ ಟೆಂಡರೂ ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ, ಹೊತ್ತು ಮುಳುಗುವುದರೊಳಗೆ ಇಡೀ ಮಾರುಕಟ್ಟೆಯ ಲೆಕ್ಕ ಒಂದು ಕಡೆ ಕೂಡಿರುತ್ತದೆ. ಆದರೆ ಸರ್ಕಾರದ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ರೈತನಿಗೆ ಸಿಗುವುದು ಕನಿಷ್ಠ, ಗರಿಷ್ಠ, ಮಾದರಿ ಎಂಬ ಮೂರು ಅಂಕಿ. ಬ್ಯಾಡಗಿಯಲ್ಲಿ ಒಂದೇ ದಿನದ ಕನಿಷ್ಠಕ್ಕೂ ಗರಿಷ್ಠಕ್ಕೂ ನಡುವೆ ಹತ್ತಾರು ಸಾವಿರ ರೂಪಾಯಿ ಅಂತರ ಇರುತ್ತದೆ. ಕೆಳಗೆ ಬಿಳಿಚಿದ ಕಾಯಿ, ಮೇಲೆ ಎಣ್ಣೆ ತೆಗೆಯುವ ಕಾರ್ಖಾನೆಗಳು ಹುಡುಕಿಕೊಂಡು ಬರುವ ಕಡುಗೆಂಪು ಕಾಯಿ. ಆ ಮೂರು ಅಂಕಿಯಿಂದ ರೈತ ತನ್ನ ಮಾಲಿನ ಬೆಲೆ ಅಳೆಯುವುದು ಸಾಧ್ಯವೇ ಇಲ್ಲ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತು ಸಿಕ್ಕಾಗ ನಾವೆಲ್ಲ ಹೆಮ್ಮೆಪಟ್ಟೆವು. ಹೆಸರು ನಮ್ಮದಾಯಿತು, ಬೆಲೆಯ ಲೆಕ್ಕ ನಮ್ಮದಾಗಲಿಲ್ಲ.

‘ರೈತರಿಗೆ ಏನು ತಿಳಿಯುತ್ತೆ’ ಎನ್ನುವವರಿಗೆ ಒಂದು ಅಧ್ಯಯನ ನೆನಪಿಸಬೇಕು. 2014ರಲ್ಲಿ ಕರ್ನಾಟಕ ಸರ್ಕಾರವೂ ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜೂ ಸೇರಿ ರೆಮ್ಸ್ ಎಂಬ ಸಂಸ್ಥೆ ಕಟ್ಟಿ, ರಾಜ್ಯದ ಮಾರುಕಟ್ಟೆಗಳನ್ನು ಒಂದೇ ಆನ್‌ಲೈನ್ ವೇದಿಕೆಗೆ ತಂದವು. ದೇಶಕ್ಕೆ ಇ-ನಾಮ್ ಎಂಬ ಇಂಥದೇ ವೇದಿಕೆ ಬರುವ ಎರಡು ವರ್ಷ ಮುಂಚೆ ನಡೆದ ಕೆಲಸ ಇದು. ಅದರ ಶ್ರೇಯ ಸಲ್ಲಲೇಬೇಕು. ಇದರಿಂದ ರೈತರ ಗಳಿಕೆ ಶೇ 38ರಷ್ಟು ಏರಿತು ಎಂಬ ಮಾತು ಒಂದು ಕಾಲಕ್ಕೆ ದೆಹಲಿಯವರೆಗೂ ಓಡಾಡಿತು. 2020ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಎಂಐಟಿಯ ಸಂಶೋಧಕರ ಲೇಖನ ಪ್ರಕಟವಾಯಿತು. ಅದರ ಲೇಖಕರಲ್ಲಿ ಒಬ್ಬರು ರೆಮ್ಸ್ ಸಂಸ್ಥೆಯನ್ನೇ ನಡೆಸುತ್ತಿದ್ದ ಅಧಿಕಾರಿ. ಅವರು ಕಂಡುಕೊಂಡದ್ದು ಏನು? ಭತ್ತದ ಮಾದರಿ ದರ ಶೇ 5.1, ಶೇಂಗಾ ಶೇ 3.6, ಗೋವಿನಜೋಳ ಶೇ 3.5ರಷ್ಟು ಏರಿದೆ, ಹತ್ತಿ, ಹೆಸರು, ತೊಗರಿಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ. ಗೋವಿನಜೋಳ, ಹತ್ತಿ ನಮ್ಮ ಜಿಲ್ಲೆಯ ಬೆಳೆಗಳು. ಒಂದರಲ್ಲಿ ಮೂರೂವರೆ, ಇನ್ನೊಂದರಲ್ಲಿ ಏನೂ ಇಲ್ಲ. ಮೆಣಸಿನಕಾಯಿ ಆ ಆರರಲ್ಲಿ ಇಲ್ಲವೇ ಇಲ್ಲ. ಲೆಕ್ಕ ಕೈಗೆ ಸಿಕ್ಕವರಿಗೆ ಶೇ 38 ಮತ್ತು ಶೇ 3.5ರ ನಡುವಿನ ಅಂತರ ಕಂಡಿತು. ಬಾಸ್ಟನ್ನಿನಲ್ಲಿ ಕೂತವರಿಗೆ ಸಿಗುವ ಲೆಕ್ಕ ಮೋಟೆಬೆನ್ನೂರಿನ ರೈತನಿಗೆ ಯಾಕೆ ಸಿಗಬಾರದು? ಮಾಲು ಅವನದಲ್ಲವೇ?

ದರದ ಸುದ್ದಿ ಸಿಕ್ಕರೆ ಓದು ಬರಹ ಕಡಿಮೆ ಇದ್ದವರೂ ಏನು ಮಾಡಬಲ್ಲರು ಎಂಬುದಕ್ಕೆ ದೂರ ಹೋಗಬೇಕಿಲ್ಲ. 1997ರಿಂದ 2001ರ ನಡುವೆ ಕಾಸರಗೋಡು, ಕಣ್ಣೂರು, ಕೋಝಿಕ್ಕೋಡು ಕರಾವಳಿಗೆ ಮೊಬೈಲ್ ಬಂತು. ಬೂತಾಯಿ ಹಿಡಿಯುವ ಮೀನುಗಾರರು ದೋಣಿಯಲ್ಲೇ ಕೂತು ಯಾವ ದಕ್ಕೆಯಲ್ಲಿ ದರ ಎಷ್ಟು ಎಂದು ಕೇಳಿಕೊಂಡು ಅಲ್ಲಿಗೇ ದೋಣಿ ತಿರುಗಿಸಿದರು. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸೆನ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮೀನುಗಾರರ ಲಾಭ ಸರಾಸರಿ ಶೇ 8ರಷ್ಟು ಹೆಚ್ಚಿತು, ಕೊಳ್ಳುವವರಿಗೆ ಮೀನು ಶೇ 4ರಷ್ಟು ಅಗ್ಗವಾಯಿತು, ಕೊಳ್ಳುವವರಿಲ್ಲದೆ ಮೀನನ್ನು ಸಮುದ್ರಕ್ಕೆ ಎಸೆಯುವುದು ಹೆಚ್ಚುಕಡಿಮೆ ನಿಂತೇಹೋಯಿತು. ಅವರಿಗೆ ಯಾರೂ ತರಬೇತಿ ಶಿಬಿರ ನಡೆಸಲಿಲ್ಲ. ದರ ತಿಳಿಯಿತು, ಉಳಿದದ್ದನ್ನು ಅವರೇ ಮಾಡಿಕೊಂಡರು. ಕಾಯಿಯನ್ನು ಅಂಗೈಯಲ್ಲಿ ಹಿಸುಕಿ ಎಷ್ಟು ಒಣಗಿದೆ ಎಂದು ಹೇಳಬಲ್ಲ ನಮ್ಮ ರೈತನಿಗೆ ಅಂಕಿ ಓದಲು ಬರುವುದಿಲ್ಲ ಎನ್ನುವುದು ಅವಮಾನ.

ಇನ್ನು ಭೂಮಿ ಯೋಜನೆ. ಹೊಲದ ದಾಖಲೆ ಕಂಪ್ಯೂಟರಿಗೆ ಏರಿಸಿದ್ದರಲ್ಲಿ ಕರ್ನಾಟಕವೇ ದೇಶಕ್ಕೆ ಮೊದಲು ಎಂದು ಇಪ್ಪತ್ತೈದು ವರ್ಷದಿಂದ ಹೇಳಿಕೊಂಡು ಬಂದಿದ್ದೇವೆ. 67 ಲಕ್ಷ ರೈತರ ಸುಮಾರು ಎರಡು ಕೋಟಿ ದಾಖಲೆ, ಆಗ 15 ರೂಪಾಯಿಗೆ ಒಂದು ಉತಾರ ಸಿಗುತ್ತಿತ್ತು. ಶಾನುಭೋಗರ ಕಾಲದ ಕಿರುಕುಳ ಕಂಡವರಿಗೆ ಅದು ದೊಡ್ಡ ಬಿಡುಗಡೆಯೇ. ಆದರೆ ಇವತ್ತು ಆ ಉತಾರ ಏನು ಹೇಳುತ್ತದೆ, ಯಾರಿಗೆ ಹೇಳುತ್ತದೆ ನೋಡಿ. ಸರ್ವೆ ನಂಬರ್ ಗೊತ್ತಿರುವ ಯಾರೇ ಆಗಲಿ, ಯಾವ ಊರಲ್ಲಿ ಕೂತೇ ಆಗಲಿ, ನನ್ನ ಹೊಲದ ಅಳತೆ, ನನ್ನ ಹೆಸರು, ನನ್ನ ಬೆಳೆ, 11ನೇ ಕಾಲಮಿನಲ್ಲಿ ನಾನು ಬ್ಯಾಂಕಿನಲ್ಲಿ ಮಾಡಿದ ಸಾಲ, ಎಲ್ಲವನ್ನೂ ನೋಡಬಹುದು. ನನ್ನ ಮೆಣಸಿನಕಾಯಿಗೆ ಟೆಂಡರ್ ಹಾಕಿದವರು ಎಷ್ಟು ಮಂದಿ ಎಂದು ಮಾತ್ರ ನಾನು ನೋಡುವಂತಿಲ್ಲ. ಸಾಲಗಾರನ ಮನೆ ಬಾಗಿಲು ಹಾರುಹೊಡೆದಿದೆ, ಮಾರುಕಟ್ಟೆಯ ಕಿರ್ದಿಗೆ ಬೀಗ ಬಿದ್ದಿದೆ.

ಮುಕ್ತ ದತ್ತಾಂಶದಿಂದ ಬಲಿತವರಿಗೇ ಲಾಭ ಎಂದು ವಾದಿಸುವವರೂ ಇದ್ದಾರೆ. ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲೇ ಭೂಮಿ ಯೋಜನೆಯ ಮೇಲೆ ಇಂಥ ಆರೋಪ ಹೊರಿಸಿದ್ದರು: ದಾಖಲೆ ಒಂದೆಡೆ ಸೇರಿದ್ದರಿಂದ ಬೆಂಗಳೂರಿನ ಸುತ್ತ ದೊಡ್ಡ ದೊಡ್ಡ ಕುಳಗಳಿಗೆ ಭೂಮಿ ಹಿಡಿಯುವುದು ಸಲೀಸಾಯಿತು ಎಂದು. ಆ ಆರೋಪವನ್ನು ನಾನು ಗಂಭೀರವಾಗಿಯೇ ತೆಗೆದುಕೊಳ್ಳುತ್ತೇನೆ. ಆದರೆ ಅದು ಹೇಳುವುದು ಲೆಕ್ಕ ಮುಚ್ಚಿಡಿ ಎಂದಲ್ಲ, ಯಾರ ಲೆಕ್ಕ ತೆರೆಯಬೇಕು ಎಂಬುದನ್ನು ಸರಿಯಾಗಿ ಆರಿಸಿ ಎಂದು. ಬಡವನ ಸಾಲ, ಆಧಾರ್, ಫೋನ್ ನಂಬರ್ ಮುಚ್ಚಿರಲಿ. ದರ, ದಾಸ್ತಾನು, ಮಳೆ, ಇಳುವರಿ, ಸಾರ್ವಜನಿಕ ಹಣ, ಇವು ತೆರೆದಿರಲಿ. ನಾವು ಮಾಡಿಕೊಂಡಿರುವುದು ಇದಕ್ಕೆ ತೀರ ಉಲ್ಟಾ.

ಬೆಳೆ ವಿಮೆಯ ಕಥೆ ಇನ್ನೂ ಕಹಿ. 2016ರಿಂದ ಫಸಲ್ ಬಿಮಾ ಇದೆ. ಮುಂಗಾರಿಗೆ ರೈತನ ಪಾಲು ಶೇ 2, ಹಿಂಗಾರಿಗೆ ಒಂದೂವರೆ, ವಾಣಿಜ್ಯ ಬೆಳೆಗೆ 5. ಕಂತು ಕಟ್ಟುವಾಗ ರೈತ ಒಬ್ಬೊಬ್ಬನೇ. ಪರಿಹಾರ ಕೊಡುವಾಗ ಇಡೀ ಪಂಚಾಯಿತಿಗೆ ಒಂದೇ ಅಳತೆ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ನಾಲ್ಕು ಹೊಲಗಳಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ, ಬಂದ ತೂಕದಿಂದ ಊರಿನ ಇಳುವರಿ ಲೆಕ್ಕ ಹಾಕುತ್ತಾರೆ. ಅದನ್ನು ಹಿಂದಿನ ಏಳು ವರ್ಷಗಳಲ್ಲಿ ಚೆನ್ನಾಗಿ ಬಂದ ಐದು ವರ್ಷಗಳ ಸರಾಸರಿಯ ಮೇಲೆ ಕಟ್ಟಿದ ಮಿತಿಗೆ ಹೋಲಿಸುತ್ತಾರೆ. ಮಿತಿ 20 ಕ್ವಿಂಟಲ್ ಇದ್ದು 12 ಬಂದಿದ್ದರೆ ಶೇ 40ರಷ್ಟು ಪರಿಹಾರ. 19 ಬಂದಿದೆ ಎಂದು ಬರೆದರೆ ಬರೀ ಶೇ 5. ಒಂದು ಹೊಲದ ತೂಕ ತಪ್ಪಿದರೆ ಸಾವಿರಾರು ಮನೆಗಳ ಹಣ ಹೋಯಿತು. ಈ ಲೆಕ್ಕವೆಲ್ಲ ಈಗ ಮೊಬೈಲ್ ಆ್ಯಪ್‌ನಲ್ಲೇ ದಾಖಲಾಗುತ್ತದೆ. ಹಾಗಿದ್ದ ಮೇಲೆ ಆ ನಾಲ್ಕು ತೂಕವನ್ನು ಅವತ್ತೇ ಸಂಜೆ ಪಂಚಾಯಿತಿ ಗೋಡೆಗೆ ಬರೆಯಲು ಯಾರ ಅಪ್ಪಣೆ ಬೇಕು? ಊರಿನವರು ನೋಡಿದರೆ, ‘ಆ ಹೊಲದಾಗ ಬೋರ್‌ವೆಲ್ ಐತಿ, ಅದನ್ನ ಹೆಂಗ್ ಆರಿಸಿದ್ರಿ?’ ಎಂದು ಅಲ್ಲೇ ಕೇಳುತ್ತಾರೆ. ಎಂಟು ತಿಂಗಳು ಕಳೆದು, ಪಕ್ಕದ ಪಂಚಾಯಿತಿಗೆ ದುಡ್ಡು ಬಂದು ನಮಗೆ ಬರದೆ ಹೋದಾಗ ಜಿಲ್ಲಾಧಿಕಾರಿ ಕಚೇರಿ ಎದುರು ಧರಣಿ ಕೂರುವ ಪಾಡು ಯಾಕೆ ತಪ್ಪಬಾರದು?

ಮಳೆಯದೂ ಅದೇ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗೊಂದರಂತೆ ಆರು ಸಾವಿರಕ್ಕೂ ಹೆಚ್ಚು ಮಳೆಮಾಪನ ಯಂತ್ರ ನಿಲ್ಲಿಸಿದೆ. ದೇಶದಲ್ಲೇ ಅಪರೂಪದ ಕೆಲಸ. ಹವಾಮಾನ ಆಧಾರಿತ ವಿಮೆ ಇರುವ ಬೆಳೆಗಳಿಗೆ ಆ ಯಂತ್ರದ ಮಾತೇ ಕೊನೆಯ ಮಾತು. ಯಂತ್ರ ಕೆಟ್ಟು ನಿಂತರೆ, ಸುಳ್ಳು ಅಂಕಿ ಕೊಟ್ಟರೆ, ಅದರ ಪಕ್ಕದಲ್ಲೇ ಬದುಕುವ ಊರಿನವರಿಗೇ ಮೊದಲು ಗೊತ್ತಾಗಬೇಕು. ಅವರಿಗೆ ದಿನದಿನದ ಅಂಕಿ ತೋರಿಸದಿದ್ದರೆ ಹೇಗೆ ಗೊತ್ತಾಗುತ್ತದೆ?

ಹಾವೇರಿಯವರಿಗೆ 2008ರ ಜೂನ್ 10 ಮರೆಯುವ ದಿನವಲ್ಲ. ಬಿತ್ತನೆಯ ಹೊತ್ತಿಗೆ ಗೊಬ್ಬರ ಕೇಳಲು ಬಂದ ರೈತರ ಮೇಲೆ ಗೋಲಿಬಾರ್ ಆಯಿತು, ಇಬ್ಬರು ಸತ್ತರು. ಅವತ್ತು ಎಷ್ಟು ಚೀಲ ಬಂದಿತ್ತು, ಯಾವ ಅಂಗಡಿಯಲ್ಲಿ ಎಷ್ಟಿತ್ತು, ನಾಳೆ ಎಷ್ಟು ಬರುತ್ತದೆ ಎಂದು ಸಾಲಿನಲ್ಲಿ ನಿಂತವರಿಗೆ ಹೇಳುವವರು ಯಾರೂ ಇರಲಿಲ್ಲ. ಅಂಗಡಿಯವನು ದಾಸ್ತಾನು ಮತ್ತು ದರದ ಬೋರ್ಡ್ ಹಾಕಲೇಬೇಕೆಂದು 1985ರ ರಸಗೊಬ್ಬರ ನಿಯಂತ್ರಣ ಆದೇಶದಲ್ಲೇ ಇದೆ. 2018ರಿಂದ ದೇಶದ ತುಂಬ ಪಿಒಎಸ್ ಯಂತ್ರ ಬಂದಿದೆ. ರೈತನ ಗುರುತು ಅದರಲ್ಲಿ ದಾಖಲಾದ ಮೇಲೆಯೇ ಚೀಲ. ಅಂದರೆ ಪ್ರತಿ ಅಂಗಡಿಯ ಪ್ರತಿ ಚೀಲದ ಲೆಕ್ಕ ಸರ್ಕಾರಕ್ಕೆ ಅವತ್ತಿಗವತ್ತೇ ಗೊತ್ತು. ಎಲ್ಲೋ ಒಂದು ಇಂಗ್ಲಿಷ್ ಡ್ಯಾಶ್‌ಬೋರ್ಡಿನಲ್ಲಿ ಇದೆ ಎಂದು ಹೇಳಬೇಡಿ. ಗುತ್ತಲದ ರೈತ ಬಸ್ ಹತ್ತುವ ಮೊದಲು ಹಾವೇರಿಯ ಯಾವ ಅಂಗಡಿಯಲ್ಲಿ ಯೂರಿಯಾ ಇದೆ ಎಂದು ಕನ್ನಡದಲ್ಲಿ ತಿಳಿಯುವಂತಾದರೆ ಮಾತ್ರ ಅದು ಸೇವೆ. ಇಬ್ಬರ ಜೀವ ಹೋದ ಊರಿನಲ್ಲಿ ಈ ಕೆಲಸ ಎಲ್ಲಕ್ಕಿಂತ ಮೊದಲು ಆಗಬೇಕಿತ್ತು.

ರಾಣೇಬೆನ್ನೂರಿನ ಬೀಜೋತ್ಪಾದಕರ ಬಗ್ಗೆ ಒಂದೇ ಮಾತು. ಬಿಸಿಲಲ್ಲಿ ಬಗ್ಗಿ ಹೂವಿಗೆ ಹೂ ಮುಟ್ಟಿಸಿ ಕ್ರಾಸಿಂಗ್ ಮಾಡುವವರು ನಮ್ಮ ಹೆಣ್ಣುಮಕ್ಕಳು. ಬೀಜ ಕಂಪನಿ ಸೇರಿದ ಮೇಲೆ ಶುದ್ಧತೆಯ ಪರೀಕ್ಷೆ. ಕೊನೆಯ ಹಣ ಆ ಫಲಿತಾಂಶಕ್ಕೆ ಕಟ್ಟುಬಿದ್ದಿದೆ. ‘ನಿಮ್ಮ ಬೀಜ ಫೇಲ್ ಆಗೇತಿ’ ಎಂದು ಕಂಪನಿಯ ಆರ್ಗನೈಸರ್ ಬಾಯಿಮಾತಿನಲ್ಲಿ ಹೇಳಿದರೆ ವರ್ಷದ ದುಡಿಮೆ ಹೋಯಿತು. 2023ರಲ್ಲಿ ಕೇಂದ್ರ ಸಾಥಿ ಎಂಬ ವ್ಯವಸ್ಥೆ ತಂದು ಬೀಜದ ಪೊಟ್ಟಣದ ಜಾಡು ಹಿಡಿಯುತ್ತೇವೆ ಎಂದಿದೆ. ಕೊಳ್ಳುವವನಿಗೆ ಜಾಡು ಸಿಗಲಿ, ಒಳ್ಳೆಯದೇ. ಬೆಳೆದುಕೊಟ್ಟವಳಿಗೂ ತನ್ನ ಬೀಜದ ಪರೀಕ್ಷಾ ಫಲಿತಾಂಶ ಬರಹದಲ್ಲಿ ಸಿಗಬೇಡವೇ?

ಸೇವೆಯಾದರೂ ನೆಟ್ಟಗೆ ಸಿಗುತ್ತಿದೆಯೇ? ಕಳೆದ ಮಳೆಗಾಲದಲ್ಲಿ ಒಂದು ಸೇವಾ ಕೇಂದ್ರದ ಕಟ್ಟೆಯ ಮೇಲೆ ಕೂತಿದ್ದೆ. ಗಂಡ ತೀರಿಕೊಂಡ ಹೆಣ್ಣುಮಗಳೊಬ್ಬಳು ವಾರಸಾ ಮಾಡಿಸಲು ಬಂದಿದ್ದಳು. ಮೂರನೇ ಸಲ ಬಂದದ್ದು. ‘ಸರ್ವರ್ ಇಲ್ಲವ್ವಾ, ನಾಳೆ ಬಾ’ ಎಂದರು. ಅವಳು ಬಯ್ಯಲಿಲ್ಲ, ಅಳಲಿಲ್ಲ. ಕಾಗದದ ಚೀಲ ಮಡಚಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದಳು. ಅವಳ ಮೂರು ದಿನದ ಕೂಲಿ ಯಾರ ಲೆಕ್ಕಕ್ಕೂ ಬರುವುದಿಲ್ಲ. 2012ರಲ್ಲಿ ಜಾರಿಗೆ ಬಂದ ಸಕಾಲ ಕಾಯ್ದೆಯ ಪ್ರಕಾರ ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಇದೆ. ಆದರೆ ದಿನ ಎಣಿಸುವುದು ಅರ್ಜಿ ಸ್ವೀಕಾರವಾಗಿ ಸಂಖ್ಯೆ ಸಿಕ್ಕ ಮೇಲೆ. ಸರ್ವರ್ ಬಿದ್ದರೆ ಅರ್ಜಿಯೇ ಹತ್ತುವುದಿಲ್ಲ, ಸಂಖ್ಯೆಯೇ ಹುಟ್ಟುವುದಿಲ್ಲ. ಹೀಗಾಗಿ ಸರ್ಕಾರದ ಕಾಗದದಲ್ಲಿ ಸೇವೆ ಯಾವಾಗಲೂ ಸಕಾಲಕ್ಕೇ ಸಿಗುತ್ತದೆ.

ಸರ್ವರ್ ಬೀಳದಿರಲೆಂದೇ ಕ್ಲೌಡ್ ಇರುವುದು ಎನ್ನುತ್ತಾರೆ. ಕ್ಲೌಡ್ ಎಂದರೆ ದೂರದ ದತ್ತಾಂಶ ಕೇಂದ್ರದಲ್ಲಿ ಬೇಕಾದಷ್ಟು ಕಂಪ್ಯೂಟರ್ ಬಲವನ್ನು ಬೇಕೆಂದಾಗ ಪಡೆಯುವ ವ್ಯವಸ್ಥೆ. ಜನ ಮುಗಿಬಿದ್ದಾಗ ಹಿಗ್ಗುವುದೇ ಅದರ ಗುಣ. 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿಗೆ ಹೆಂಗಸರು ಬೆಳಗಿನ ಜಾವದಿಂದ ಸಾಲು ನಿಂತಾಗ ಸರ್ಕಾರದ ಸರ್ವರ್ ಹಿಗ್ಗಲಿಲ್ಲ. 2025ರ ಜನವರಿಯಲ್ಲಿ ಕಾವೇರಿ ತಂತ್ರಾಂಶದ ಮೇಲೆ ದಾಳಿಯಾಗಿ ರಾಜ್ಯದ ಆಸ್ತಿ ನೋಂದಣಿ ಕೆಲಸವೇ ತಡವರಿಸಿತು. ಯಂತ್ರ ಕೆಡುತ್ತದೆ, ದಾಳಿ ಆಗುತ್ತದೆ, ಒಪ್ಪೋಣ. ಸರ್ವರ್ ಎಷ್ಟು ತಾಸು ಬಿದ್ದಿತ್ತು, ಎಷ್ಟು ಜನ ವಾಪಸು ಹೋದರು ಎಂಬುದನ್ನು ಪ್ರತಿ ತಿಂಗಳು ತಾಲ್ಲೂಕುವಾರು ಪ್ರಕಟಿಸಲು ಏನು ಅಡ್ಡಿ? ಸರ್ವರ್ ಇಲ್ಲದ ದಿನ ಕಾಗದದ ಅರ್ಜಿ ತೆಗೆದುಕೊಂಡು, ತಾರೀಖು ಹಾಕಿ ರಸೀದಿ ಕೊಡಲು ಏನು ಅಡ್ಡಿ?

ಇದಕ್ಕೆಲ್ಲ ಹೊಸ ಕಾನೂನು ಬೇಕು ಎಂದು ಯಾರೂ ನೆಪ ಹೇಳಬಾರದು. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ, ಯಾರೂ ಕೇಳುವ ಮೊದಲೇ ಸರ್ಕಾರ ತಾನಾಗಿ ಮಾಹಿತಿ ಬಿಡುಗಡೆ ಮಾಡಬೇಕು ಎನ್ನುತ್ತದೆ. ಸ್ಥಳೀಯ ಭಾಷೆಯಲ್ಲಿ, ಆ ಊರಿಗೆ ಹೊಂದುವ ರೀತಿಯಲ್ಲಿ ಎಂದೂ ಸೇರಿಸುತ್ತದೆ. ಸೂಚನಾ ಫಲಕದ ಹೆಸರನ್ನೇ ಎತ್ತಿ ಹೇಳುತ್ತದೆ. 2012ರಲ್ಲಿ ಕೇಂದ್ರದ ದತ್ತಾಂಶ ಹಂಚಿಕೆ ನೀತಿ ಬಂತು, 2017ರಲ್ಲಿ ಮುಕ್ತ ದತ್ತಾಂಶ ಪರವಾನಗಿ ಬಂತು. ರಾಜಸ್ಥಾನ 2019ರಲ್ಲಿ ಜನ ಸೂಚನಾ ಪೋರ್ಟಲ್ ತೆರೆಯಿತು. ಅದರ ಹಿಂದೆ ‘ನಮ್ಮ ದುಡ್ಡು, ನಮ್ಮ ಲೆಕ್ಕ’ ಎಂದು ತೊಂಬತ್ತರ ದಶಕದಿಂದ ಹಳ್ಳಿಹಳ್ಳಿಯಲ್ಲಿ ಜನಸುನವಾಯಿ (ಬಹಿರಂಗ ವಿಚಾರಣೆ) ನಡೆಸಿದ ಕೂಲಿಕಾರರ ಹೋರಾಟ ಇತ್ತು. ಅದನ್ನು ನೋಡಿ ನಮ್ಮ ಸರ್ಕಾರವೂ ಮಾಹಿತಿ ಕಣಜ ಎಂಬ ಚೆಂದದ ಹೆಸರಿನ ಜಾಲತಾಣ ಕಟ್ಟಿತು. ಕಣಜ ಇದೆ, ನಮ್ಮ ಹಳ್ಳಿಗಳಲ್ಲಿ ಎಷ್ಟು ಜನ ಅದರ ಹೆಸರು ಕೇಳಿದ್ದಾರೆ? ಇದರ ನಡುವೆ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ಹಕ್ಕಿನ 8ನೇ ಕಲಮನ್ನು ತಿದ್ದಿದೆ. ‘ವೈಯಕ್ತಿಕ ಮಾಹಿತಿ’ ಎಂಬ ಒಂದು ಪದ ಹಿಡಿದುಕೊಂಡು ಕದ ಹಾಕುವುದು ಇನ್ನು ಮೇಲೆ ಇನ್ನೂ ಸುಲಭ. ಬಾಗಿಲು ಪೂರ್ತಿ ಮುಚ್ಚುವ ಮುನ್ನ ಕಾಲು ಅಡ್ಡ ಇಡಬೇಕಾದ ಹೊತ್ತು ಇದು.

ಆದ್ದರಿಂದ ಕೇಳಬೇಕಾದದ್ದನ್ನು ನೇರವಾಗಿ ಕೇಳೋಣ. ಬ್ಯಾಡಗಿ ಮಾರುಕಟ್ಟೆ ಪ್ರತಿ ಸೋಮವಾರ, ಗುರುವಾರ ಸಂಜೆ ಲಾಟಿನ ಸಂಖ್ಯೆ, ತಳಿ, ತೂಕ, ಬಂದ ಟೆಂಡರುಗಳ ಸಂಖ್ಯೆ, ಮೊದಲ ಮತ್ತು ಎರಡನೆಯ ದರ, ಇಷ್ಟನ್ನೂ ರೈತರ ಹೆಸರು ತೆಗೆದು, ಯಾರು ಬೇಕಾದರೂ ಇಳಿಸಿಕೊಂಡು ಬಳಸುವಂಥ ಪಟ್ಟಿಯಾಗಿ ಪ್ರಕಟಿಸಲಿ. ಕೋಲ್ಡ್ ಸ್ಟೋರೇಜುಗಳ ಒಟ್ಟು ದಾಸ್ತಾನು ವಾರಕ್ಕೊಮ್ಮೆ ಬರಲಿ. ಕಟಾವು ಪ್ರಯೋಗದ ತೂಕ, ಮಳೆಯ ಅಂಕಿ, ಗೊಬ್ಬರದ ದಾಸ್ತಾನು ಪಂಚಾಯಿತಿ ಗೋಡೆಗೆ ಬರಲಿ. ಲೆಕ್ಕ ಬಿಟ್ಟುಕೊಟ್ಟರೆ ಅದನ್ನು ಬಳಕೆಗೆ ತರುವವರು ನಮ್ಮಲ್ಲೇ ಇದ್ದಾರೆ. ದೇವಗಿರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ, ರಾಣೇಬೆನ್ನೂರಿನ ಪದವಿ ಕಾಲೇಜುಗಳಲ್ಲಿ ಓದುವ ಮಕ್ಕಳು ಪ್ರಾಜೆಕ್ಟಿಗೆಂದು ಎಲ್ಲೋ ಪರದೇಶದ ಅಂಕಿಗಳನ್ನು ಇಳಿಸಿಕೊಂಡು ಕೂರುತ್ತಾರೆ. ಅಪ್ಪನ ಮೆಣಸಿನಕಾಯಿಯ ಲೆಕ್ಕ ಅವರಿಗೆ ಕೊಡಿ. ನಾಳೆ ಯಾವ ಮಾರುಕಟ್ಟೆಗೆ ಹೋಗಬೇಕು ಎಂದು ಹೇಳುವ ಆ್ಯಪ್ ಬೆಂಗಳೂರಿನಿಂದ ಬರಬೇಕಾಗಿಲ್ಲ.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು ಎಂದು ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ಮುಂದಿನ ಸಭೆಗೆ ಹೋಗಿ. ಈ ವರ್ಷದ ಕಟಾವು ಪ್ರಯೋಗದ ನಾಲ್ಕು ತೂಕ ಎಷ್ಟು ಎಂದು ಎದ್ದು ನಿಂತು ಕೇಳಿ. ಅದನ್ನು ಗೋಡೆಗೆ ಬರೆಯಬೇಕೆಂದು ಠರಾವು ಮಾಡಿಸಿ. ಆ ಠರಾವನ್ನು ಬರೆದು, ಓದಿ ಹೇಳುವವರೆಗೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಬೇಡಿ.